ಸೆಲ್ವೀಕ್‌ನ ಒಂಬತ್ತನೇ ನಂಬರು

ಡೆಲಾನಿ ಪ್ರುಯಿಟ್ ಐಸ್‌ಲ್ಯಾಂಡಿನ ಭಾಷೆಯಲ್ಲಿ ಮೊದಲು ಕಲಿತದ್ದು ಅಂಕಿಗಳನ್ನು. ಬೆಳಗಿನ ಹೊತ್ತು ಮೀನಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ಎಣಿಸುವ ಕೆಲಸ. ಹಾಗಾಗಿ ಅವು ತಾವಾಗಿಯೇ ನಾಲಗೆಗೆ ಹತ್ತಿದ್ದವು. ಜೂನ್ ಕೊನೆಯ ಆ ಭಾನುವಾರ ಊರಿನ ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಅವಳು ಕಣ್ಣು ಮುಚ್ಚಿ ಕೂತಿದ್ದಾಗ, ಎದುರಿಗೆ ಕುತ್ತಿಗೆಯವರೆಗೆ ಮುಳುಗಿದ್ದ ಮೂವರು ಮುದುಕರು ಏನೋ ಗುಸುಗುಸು ಮಾತಾಡಿಕೊಂಡರು. ಆ ಮಾತಿನಲ್ಲಿ ಎರಡು ಶಬ್ದ ಮಾತ್ರ ಅವಳಿಗೆ ಸ್ಪಷ್ಟವಾಗಿ ಅರ್ಥವಾಯಿತು. ಏಳು. ಸೊನ್ನೆ.

ಏಳು ಪಂದ್ಯ, ಸೊನ್ನೆ ಗೋಲು. ಯಾರ ಲೆಕ್ಕ ಅದು ಎಂದು ಕೇಳಬೇಕಾಗಿರಲಿಲ್ಲ.

ಡೆಲಾನಿ ಕಣ್ಣು ಬಿಟ್ಟು, ಅವರದೇ ಭಾಷೆಯಲ್ಲಿ ತೊದಲಿದಳು: "ಎಂಟನೇದು ಶನಿವಾರ ಇದೆ."

ಮುದುಕರು ಬೆಚ್ಚಿದರು. ನಲವತ್ತು ವರ್ಷ ದೋಣಿ ನಡೆಸಿ ಈಗ ದಡಕ್ಕೆ ಬಿದ್ದಿದ್ದ ಗುಡ್ಯೋನ್ ನೀರು ಸಿಡಿಯುವಂತೆ ನಕ್ಕುಬಿಟ್ಟ. "ನೋಡ್ರೋ, ಹುಡುಗಿ ಕಿವಿ ಎಷ್ಟು ಚುರುಕಾಗಿದೆ! ಕಾಲೂ ಇಷ್ಟೇ ಚುರುಕಾಗಿದ್ದಿದ್ರೆ ನಾವೆಲ್ಲ ಬಚಾವಾಗ್ತಿದ್ವಿ." ಆಮೇಲೆ ಅವಳಿಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ, ಸ್ವಲ್ಪ ಮರುಕದಿಂದ, "ನಿನ್ನೆ ನೀನು ಸಮುದ್ರಕ್ಕೆ ಒದ್ದ ಚೆಂಡನ್ನ ನನ್ನ ತಮ್ಮ ದೋಣೀಲಿ ಹೋಗಿ ತಂದ. ಬಲೆ ಅಂದ್ರೆ ಮೈದಾನದಲ್ಲಿರೋದು ಕಣಮ್ಮ. ಸಮುದ್ರದ ಬಲೆ ನಾವು ನೋಡ್ಕೋತೀವಿ" ಎಂದ.

ಅವಳೂ ನಕ್ಕಳು. ಆ ನಗು ಬಟ್ಟೆ ಬದಲಿಸುವ ಕೋಣೆಯವರೆಗೆ ಮಾತ್ರ ಉಳಿಯಿತು. ಅಲ್ಲಿ ಬೆಂಚಿನ ಮೇಲೆ ಕೂತು, ತಲೆಯ ಮೇಲೆ ಟವೆಲ್ ಎಳೆದುಕೊಂಡು, ಕೂದಲೆಲ್ಲ ಒಣಗುವ ತನಕ ಅಲ್ಲಾಡಲಿಲ್ಲ.

ಅವಳಿಗೆ ಇಪ್ಪತ್ತಮೂರು ವರ್ಷ. ಊರು ಅಮೆರಿಕದ ಕ್ಯಾನ್ಸಸ್‌ನ ವಿಚಿಟಾ. ಅಪ್ಪ ಮನೆಗಳಿಗೆ ಮಾಡು ಹೊದಿಸುವ ಕೆಲಸಗಾರ. ಕಾಲೇಜು ತಂಡಕ್ಕೆ ನಾಲ್ಕು ವರ್ಷದಲ್ಲಿ ನಲವತ್ತೊಂದು ಗೋಲು ಹೊಡೆದವಳು ಅವಳು. ಆ ಕಾಲೇಜಿನಲ್ಲಿ ಅಷ್ಟು ಗೋಲು ಬೇರೆ ಯಾವ ಹುಡುಗಿಯೂ ಹೊಡೆದಿರಲಿಲ್ಲ. ಆದರೆ ಅಮೆರಿಕದ ದೊಡ್ಡ ಲೀಗಿನ ತಂಡಗಳು ಅವಳನ್ನು ಮೂರು ಸಲ ಪರೀಕ್ಷೆಗೆ ಕರೆದು, ಮೂರು ಸಲವೂ ಬೆನ್ನು ತಟ್ಟಿ ಮನೆಗೆ ಕಳಿಸಿದವು. ಅವಳು ಸುಮ್ಮನೆ ಕೂರಲಿಲ್ಲ. ತನ್ನ ಗೋಲುಗಳ ವೀಡಿಯೊ ಮಾಡಿ ಯೂರೋಪಿನ ಹದಿನಾರು ಕ್ಲಬ್ಬುಗಳಿಗೆ ಕಳಿಸಿದಳು. ಉತ್ತರ ಬಂದದ್ದು ಒಂದೇ ಒಂದರಿಂದ: ಐಸ್‌ಲ್ಯಾಂಡಿನ ಪೂರ್ವ ತೀರದ ಸೆಲ್ವೀಕ್. ಒಂಬೈನೂರು ಜನರ ಊರು, ಎರಡನೇ ದರ್ಜೆಯ ಲೀಗು, ಇರಲು ಒಂದು ಕೋಣೆ, ಕಾರ್ಖಾನೆಯಲ್ಲಿ ಅರ್ಧ ದಿನದ ಕೆಲಸ, ಗೋಲು ಹೊಡೆಯುವ ಮುಂದಾಳಿಗೆಂದೇ ಇರುವ ಒಂಬತ್ತನೇ ನಂಬರಿನ ಅಂಗಿ. ಅವಳು ಪತ್ರವನ್ನು ಪೂರ್ತಿ ಓದುವ ಮೊದಲೇ ಒಪ್ಪಿಕೊಂಡಿದ್ದಳು.

ಬಂದ ಮೊದಲ ದಿನ ತರಬೇತುದಾರಳನ್ನು "ಕೋಚ್, ನೀವು..." ಎಂದು ಕರೆದಾಗ ಇಡೀ ತಂಡ ನಕ್ಕಿತ್ತು. "ಕೋಚ್ ಅನ್ನೋದು ನನ್ನ ಕೆಲಸ. ಹೆಸರು ಸ್ಟೇನುನ್" ಎಂದಿದ್ದಳು ಆ ಗಟ್ಟಿ ಮೈಕಟ್ಟಿನ ಹೆಂಗಸು. "ನೀವು ಗೀವು ಎಲ್ಲ ವಿಮಾನದಲ್ಲೇ ಬಿಟ್ಟು ಬಾ. ಇಲ್ಲಿ ಪಾದ್ರಿಗೂ ನೀನು, ಕುರಿಗೂ ನೀನು."

ಸೋಮವಾರ ಪಾಳಿ ಮುಗಿಸಿ ಹೊರಗೆ ಬರುವಾಗ ಅದೇ ಸ್ಟೇನುನ್ ಕಾರ್ಖಾನೆಯ ಬಾಗಿಲಲ್ಲಿ ಕಾಯುತ್ತಿದ್ದಳು. ಇಬ್ಬರೂ ಶಾಲೆಗೆ ನಡೆದರು. ಶಾಲೆಯ ಹೆಡ್‌ಮಿಸ್ಟ್ರೆಸ್ ಔದುರ್, ಕ್ಲಬ್ಬಿನ ಅಧ್ಯಕ್ಷೆಯೂ ಅವಳೇ, ಖಾಲಿ ತರಗತಿಯಲ್ಲಿ ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಎಳೆದುಕೊಟ್ಟಳು.

"ಕೂತ್ಕೋ ಡೆಲಾನಿ. ಕಾಫಿ ಹಾಕ್ಲಾ?"

"ಮೊದಲು ವಿಷಯ ಹೇಳು. ಆಮೇಲೆ ಕುಡಿಯೋ ಹಾಗಿದ್ರೆ ಕುಡೀತೀನಿ."

ಔದುರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಏಳು ಪಂದ್ಯದಲ್ಲಿ ಐದು ಸೋತಿದ್ದೀವಿ. ಕೆಳಗಿನಿಂದ ಎರಡನೇ ಜಾಗದಲ್ಲಿದ್ದೀವಿ. ಜುಲೈ ಮಧ್ಯದಲ್ಲಿ ಹೊಸಬರನ್ನ ತಗೊಳ್ಳೋಕೆ ಅವಕಾಶ ಇದೆ. ಒಬ್ಬಳು ಸರ್ಬಿಯಾದ ಹುಡುಗಿ ಬರೋಕೆ ತಯಾರಿದ್ದಾಳೆ. ಕಮಿಟಿಯಲ್ಲಿ ಎಲ್ಲರೂ ಅದನ್ನೇ ಹೇಳ್ತಿದ್ದಾರೆ."

"ಸ್ಟೇನುನ್ ಏನು ಹೇಳ್ತಾಳೆ?"

ಸ್ಟೇನುನ್ ಕಿಟಕಿಯಾಚೆ ನೋಡುತ್ತಿದ್ದವಳು ತಿರುಗಿದಳು. "ನೀನು ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬರ್ತೀಯ, ಎಲ್ಲರಿಗಿಂತ ಕೊನೆಗೆ ಹೋಗ್ತೀಯ. ನಿನ್ನನ್ನ ಕಳಿಸೋಕೆ ನನಗಿಷ್ಟ ಇಲ್ಲ. ಆದ್ರೆ ಬೆವರಿಗೆ ಯಾರೂ ಪಾಯಿಂಟ್ ಕೊಡಲ್ಲ."

"ಜುಲೈ ಮಧ್ಯ ಅಂದ್ರೆ ಇನ್ನೂ ಮೂರು ಪಂದ್ಯ."

"ಮೂರು."

"ಸಾಕು" ಎಂದಳು ಡೆಲಾನಿ. ಸಾಕೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. "ಈಗ ಕಾಫಿ ಕೊಡು."

ಅಂದು ಸಂಜೆ ಅಪ್ಪನ ಫೋನ್ ಬಂತು. "ಏನಮ್ಮಾ, ಚೆಂಡು ಒದೀತಿದ್ದೀಯೋ, ಮೀನು ಜೋಡಿಸ್ತಿದ್ದೀಯೋ?" ಅಪ್ಪನ ತಮಾಷೆಯಲ್ಲಿ ಯಾವಾಗಲೂ ಒಂದು ಮೊಳೆ ಇರುತ್ತಿತ್ತು. "ಎರಡೂ ಅಪ್ಪಾ. ಮೀನು ಹೆಚ್ಚು ಮಾತು ಕೇಳ್ತವೆ" ಎಂದು ಫೋನ್ ಇಟ್ಟಳು.

ಆಮೇಲೆ ಕೂತು ಯೋಚಿಸಿದಳು. ಏಳು ಪಂದ್ಯಗಳ ವೀಡಿಯೊವನ್ನು ಮತ್ತೆ ಮತ್ತೆ ನೋಡಿದಳು. ಪ್ರತಿ ಸಲವೂ ಒಂದೇ ಕಥೆ. ಬದಿಯಿಂದ ಚೆಂಡು ಎತ್ತರಕ್ಕೆ ಹಾರಿ ಬರುತ್ತದೆ. ತಾನು ಕಾಲೇಜಿನಲ್ಲಿ ಕಲಿತಂತೆ ಗೋಲಿನ ದೂರದ ಕಂಬದತ್ತ ಧಾವಿಸುತ್ತಾಳೆ. ಚೆಂಡು ಮಾತ್ರ ಅಲ್ಲಿಗೆ ಬರುವುದೇ ಇಲ್ಲ. ನಡುವೆ ಎಲ್ಲೋ ಮನಸ್ಸು ಬದಲಿಸಿ ಬಿದ್ದುಬಿಡುತ್ತದೆ. ಕಳೆದ ವರ್ಷದ ಪಂದ್ಯಗಳನ್ನೂ ಹುಡುಕಿ ತೆಗೆದಳು. ಅದರಲ್ಲಿ ಒಂಬತ್ತನೇ ನಂಬರು ತೊಟ್ಟ ಕುಳ್ಳಗಿನ ಹುಡುಗಿಯೊಬ್ಬಳು ಓಡುತ್ತಲೇ ಇರಲಿಲ್ಲ. ಸುಮ್ಮನೆ ನಿಂತಿರುತ್ತಿದ್ದಳು, ಎರಡು ಹೆಜ್ಜೆ ಇಡುತ್ತಿದ್ದಳು, ಚೆಂಡು ಅವಳ ಹಣೆಗೇ ಬಂದು ತಾಗುತ್ತಿತ್ತು. ಹನ್ನೊಂದು ಗೋಲು.

ಆ ಹುಡುಗಿ ಬೇರಾ. ಹತ್ತೊಂಬತ್ತು ವರ್ಷದವಳು. ಈಗ ಇಪ್ಪತ್ತನೇ ನಂಬರು ತೊಟ್ಟು ಬೆಂಚಿನ ಮೇಲೆ ಕೂರುತ್ತಿದ್ದಳು. ಎರಡು ತಿಂಗಳಲ್ಲಿ ಅವಳು ಡೆಲಾನಿಯ ಜೊತೆ ಆಡಿದ ಮಾತೆಂದರೆ "ಚೆಂಡು ಕೊಡು" ಮತ್ತು "ಬಾಗಿಲು ಹಾಕು". ಬೇಸಿಗೆಯಲ್ಲಿ ಮೈದಾನದ ಹುಲ್ಲು ಕತ್ತರಿಸುವುದು ಅವಳ ಕೆಲಸ. ಮರುದಿನ ಮಧ್ಯಾಹ್ನ ಅವಳು ಹುಲ್ಲಿನ ಗಾಡಿಯ ಮೇಲೆ ಕೂತು ಬರುತ್ತಿದ್ದಾಗ ಡೆಲಾನಿ ಹೋಗಿ ನೇರ ಅದರ ಮುಂದೆ ನಿಂತಳು.

ಬೇರಾ ಎಂಜಿನ್ ಆರಿಸಲಿಲ್ಲ. "ಸಾಯೋಕೆ ಬಂದ್ಯಾ? ಹಾಗಿದ್ರೆ ಸ್ವಲ್ಪ ಆಚೆ ನಿಲ್ಲು. ಬ್ಲೇಡ್ ಹೊಸದು."

"ಒಂದು ವಿಷಯ ಕೇಳ್ಬೇಕು."

"ಕೇಳು."

"ನಾನು ನಿನಗಿಂತ ಜೋರಾಗಿ ಓಡ್ತೀನಿ. ನಿನಗಿಂತ ಜೋರಾಗಿ ಒದೀತೀನಿ. ಆದ್ರೂ ನೀನು ಹನ್ನೊಂದು, ನಾನು ಸೊನ್ನೆ. ಎಲ್ಲಿ ತಪ್ತಿದ್ದೀನಿ?"

ಈಗ ಎಂಜಿನ್ ನಿಂತಿತು. ಬೇರಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಇದನ್ನ ನನ್ನ ಹತ್ರ ಕೇಳ್ತಿದ್ದೀಯಾ? ನನ್ನ ಅಂಗಿ ನಿನ್ನ ಮೈಮೇಲಿದೆ ಕಣೇ."

"ಅದಕ್ಕೇ ನಿನ್ನ ಹತ್ರ ಕೇಳ್ತಿರೋದು."

"ಹೇಳಿಕೊಟ್ರೆ ನೀನು ಗೋಲು ಹೊಡೀತೀಯ. ನಾನು ಹುಲ್ಲು ಹೊಡೀತಾನೇ ಇರ್ತೀನಿ. ಇದರಲ್ಲಿ ನನಗೇನು ಲಾಭ?"

"ಹೇಳಿಕೊಡದಿದ್ರೆ ಮೂರು ವಾರದಲ್ಲಿ ನಾನು ಹೋಗ್ತೀನಿ, ಇನ್ನೊಬ್ಬಳು ಬರ್ತಾಳೆ. ಅವಳು ನಿನ್ನ ಗಾಡಿಗೆ ಅಡ್ಡ ಬಂದು ಕೇಳ್ತಾಳಾ? ನಿನ್ನ ಹೆಸರಾದ್ರೂ ತಿಳ್ಕೋತಾಳಾ?"

ಬೇರಾಳ ತುಟಿಯ ಅಂಚಿನಲ್ಲಿ ಏನೋ ಸಡಿಲವಾಯಿತು. ಗಾಡಿಯಿಂದ ಇಳಿದಳು. "ನಿಮ್ಮೂರಲ್ಲಿ ಗಾಳಿ ಬೀಸಲ್ವಾ?"

"ಕ್ಯಾನ್ಸಸ್‌ನಲ್ಲಾ? ನಮ್ಮಪ್ಪ ಹೊದಿಸಿದ ಮಾಡೇ ಹಾರಿ ಪಕ್ಕದ ಜಿಲ್ಲೆಗೆ ಬೀಳತ್ತೆ."

"ಅದು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗೋ ಗಾಳಿ. ನಮ್ಮದು ಹಾಗಲ್ಲ. ಸಮುದ್ರದಿಂದ ಬರತ್ತೆ, ಬೆಟ್ಟಕ್ಕೆ ತಲೆ ಚಚ್ಕೊಳತ್ತೆ, ಸಿಟ್ಟು ಮಾಡ್ಕೊಂಡು ವಾಪಸ್ ಬರತ್ತೆ. ನೋಡಿಲ್ಲಿ." ಬೇರಾ ಕತ್ತರಿಸಿದ ಹುಲ್ಲನ್ನು ಎರಡು ಕೈಯಲ್ಲಿ ಬಾಚಿ ಮೇಲಕ್ಕೆ ತೂರಿದಳು. ಹುಲ್ಲು ಬೆಟ್ಟದ ಕಡೆಗೆ ಹೋಯಿತು, ಆಳೆತ್ತರದ ಮೇಲೆ ಒಂದು ಕ್ಷಣ ತಡೆದು ನಿಂತಿತು, ಆಮೇಲೆ ಬಂದ ದಾರಿಗೇ ತಿರುಗಿ ಡೆಲಾನಿಯ ಮುಖದ ಮೇಲೆ ಬಿತ್ತು.

"ಚೆಂಡೂ ಇಷ್ಟೇ" ಎಂದಳು ಬೇರಾ. "ನೀನು ಚೆಂಡು ಎಲ್ಲಿಗೆ ಹೋಗ್ತಿದೆ ಅಂತ ನೋಡ್ತೀಯ. ನಾನು ಮೂಲೆಯ ಬಾವುಟ ಎಲ್ಲಿಗೆ ತಿರುಗ್ತಿದೆ ಅಂತ ನೋಡ್ತೀನಿ. ಇನ್ನೊಂದು. ನೀನು ಬೇಗ ಹೋಗಿ ಕಾಯ್ತೀಯ. ಬಸ್‌ಸ್ಟಾಪ್‌ನಲ್ಲಿ ನಿಂತ ಹಾಗೆ. ನಿನ್ನನ್ನ ತಡೆಯೋಕೆ ನಿಂತ ಎದುರಾಳಿಗೆ ಅದಕ್ಕಿಂತ ಸುಲಭ ಏನಿದೆ? ತಡವಾಗಿ ಹೋಗು."

ಡೆಲಾನಿ ಹುಲ್ಲು ಉಗಿದು, "ಇನ್ನೊಂದ್ಸಲ ತೂರು" ಎಂದಳು.

ಹೀಗೆ ಅದು ಶುರುವಾಯಿತು. ಆದರೆ ಬೇರಾ ಒಂದು ಷರತ್ತು ಹಾಕಿದ್ದಳು: ತಾನು ಬೆಂಚಿನಲ್ಲಿ ಕೂತು ಅವಳಿಗೆ ಚಪ್ಪಾಳೆ ತಟ್ಟುವುದಿಲ್ಲ. ಡೆಲಾನಿ ಅಂದೇ ಸ್ಟೇನುನ್‌ಳ ಮನೆಯ ಬಾಗಿಲು ತಟ್ಟಿದಳು. ಸ್ಟೇನುನ್ ಅಡುಗೆಮನೆಯಲ್ಲಿ ಬೇಯಿಸಿದ ಮೀನು, ಆಲೂಗೆಡ್ಡೆಯನ್ನು ಒಟ್ಟಿಗೆ ಹಿಸುಕುತ್ತಿದ್ದಳು.

"ಮುಂದೆ ಇಬ್ಬರನ್ನ ಆಡಿಸು. ನನ್ನನ್ನೂ, ಬೇರಾಳನ್ನೂ."

"ಕೋಚ್ ಯಾರು ಇಲ್ಲಿ?"

"ಅದು ನಿನ್ನ ಕೆಲಸ. ಹೆಸರು ಸ್ಟೇನುನ್."

ಸ್ಟೇನುನ್ ಸೌಟು ಎತ್ತಿದವಳು ನಗು ತಡೆಯಲಾರದೆ ಇಳಿಸಿದಳು. "ಇಬ್ಬರನ್ನ ಮುಂದೆ ಹಾಕಿದ್ರೆ ನಡುವೆ ಒಬ್ಬಳು ಕಮ್ಮಿ ಬೀಳ್ತಾಳೆ. ಆ ತೂತು ಯಾರು ಮುಚ್ಚೋದು?"

"ನಾನು. ಚೆಂಡು ಅವರ ಹತ್ರ ಇದ್ದಾಗ ಹಿಂದೆ ಬರ್ತೀನಿ, ನಮ್ಮ ಹತ್ರ ಬಂದಾಗ ಮುಂದೆ ಹೋಗ್ತೀನಿ."

"ತೊಂಬತ್ತು ನಿಮಿಷಾನೂ?"

"ಬೇಕಿದ್ರೆ ತೊಂಬತ್ತೈದು."

"ನಿನ್ನ ಗೋಲು ಬೇರಾ ಹೊಡೆದುಬಿಟ್ರೆ? ಕಮಿಟಿ ಲೆಕ್ಕ ಹಾಕೋದು ನಿನ್ನ ಗೋಲು, ಅವಳದಲ್ಲ."

ಅದನ್ನು ಡೆಲಾನಿ ಯೋಚಿಸಿರಲಿಲ್ಲ. ಆದರೂ, "ಗೆದ್ದ ತಂಡದ ಸ್ಟ್ರೈಕರನ್ನ ಕಳಿಸೋದು ಸೋತ ತಂಡದವಳನ್ನ ಕಳಿಸೋದಕ್ಕಿಂತ ಕಷ್ಟ ಅಲ್ವಾ?" ಎಂದಳು. ಸ್ಟೇನುನ್ ಇನ್ನೊಂದು ತಟ್ಟೆ ತೆಗೆದು ಮೇಜಿನ ಮೇಲಿಟ್ಟಳು.

ಎಂಟನೇ ಪಂದ್ಯ ಸೋತರು. ಎರಡು–ಒಂದು. ಆ ಒಂದು ಬೇರಾಳದ್ದು. ಡೆಲಾನಿ ಹಿಂದೆ ಮುಂದೆ ಓಡಿ ಓಡಿ ಕೊನೆಗೆ ಬೇಲಿ ಹಿಡಿದು ವಾಂತಿ ಮಾಡಿಕೊಂಡಳು. ತಂಡದ ನಾಯಕಿ, ಗೋಲ್‌ಕೀಪರ್ ಹಲ್ಲಾ, ಅವಳ ಬೆನ್ನು ಸವರುತ್ತ, "ಇಷ್ಟು ದಿನ ಚೆಂಡನ್ನಷ್ಟೇ ಹೊರಗೆ ಹಾಕ್ತಿದ್ದೆ. ಇವತ್ತು ಊಟಾನೂ ಹಾಕಿದೆ. ಏನೋ ಒಂದು ಬದಲಾಗಿದೆ" ಎಂದಳು.

ಒಂಬತ್ತನೇ ಪಂದ್ಯ ಉತ್ತರ ತೀರದ ಬಲವಾದ ತಂಡದ ಮೇಲೆ, ಸೆಲ್ವೀಕ್‌ನಲ್ಲೇ. ಬೆಳಗಿನಿಂದ ಗಾಳಿ ಹುಚ್ಚೆದ್ದಿತ್ತು. ನೋಡಲು ಬಂದವರು ಕಾರುಗಳನ್ನು ಮೈದಾನದ ಸುತ್ತ ನಿಲ್ಲಿಸಿ ಒಳಗೇ ಕೂತಿದ್ದರು. ಅರವತ್ತು ನಿಮಿಷ ಕಳೆದರೂ ಎರಡೂ ಕಡೆ ಏನಿಲ್ಲ. ಆಗ ಎಡಬದಿಯಿಂದ ಚೆಂಡು ಎದ್ದಿತು. ಎತ್ತರ, ದೂರದ ಕಂಬದ ಕಡೆಗೆ. ಡೆಲಾನಿಯ ಕಾಲುಗಳು ಹಳೆಯ ಅಭ್ಯಾಸದಲ್ಲಿ ಆ ಕಡೆಗೇ ಎಳೆದವು. ಅವಳು ಚೆಂಡಿನಿಂದ ಕಣ್ಣು ಕಿತ್ತು ಮೂಲೆಯ ಬಾವುಟ ನೋಡಿದಳು. ಅದು ಪಟಪಟನೆ ಸಮುದ್ರದ ಕಡೆ, ಚೆಂಡು ಬಂದ ದಿಕ್ಕಿಗೇ, ಬಡಿದುಕೊಳ್ಳುತ್ತಿತ್ತು. ಅವಳನ್ನು ಕಾಯುತ್ತಿದ್ದ ಎದುರಾಳಿ ದೂರದ ಕಂಬಕ್ಕೆ ಓಡಿದಳು. ಡೆಲಾನಿ ನಿಂತಳು. ಒಂದು ಉಸಿರು. ಇನ್ನೊಂದು. ಮೇಲೆ ಚೆಂಡು ತಡವರಿಸಿತು, ಯಾರೋ ಹಿಂದಿನಿಂದ ಕರೆದಂತೆ ತಿರುಗಿತು. ಆಗ ಅವಳು ಹತ್ತಿರದ ಕಂಬಕ್ಕೆ ನುಗ್ಗಿದಳು. ಹಣೆಗೆ ತಾಗಿದ್ದು ಗೊತ್ತಾಯಿತು. ಆಮೇಲೆ ನೆಲ, ಬಾಯಲ್ಲಿ ಮಣ್ಣು, ಸುತ್ತಮುತ್ತ ನಲವತ್ತು ಕಾರುಗಳ ಹಾರ್ನು.

ಎಲ್ಲರಿಗಿಂತ ಮೊದಲು ಬಂದು ಮೇಲೆ ಬಿದ್ದವಳು ಬೇರಾ. "ಬಸ್ ಸಿಕ್ತಾ?" ಎಂದು ಕಿವಿಯಲ್ಲಿ ಕಿರುಚಿದಳು.

ಹತ್ತನೇ ಪಂದ್ಯದಲ್ಲಿ ಡೆಲಾನಿ ಎರಡು, ಬೇರಾ ಒಂದು. ಸರ್ಬಿಯಾದ ಹುಡುಗಿಯ ಮಾತು ಕಮಿಟಿಯಲ್ಲಿ ಮತ್ತೆ ಬರಲಿಲ್ಲ.

ಆಗಸ್ಟ್ ಕೊನೆಯ ಹೊತ್ತಿಗೆ ತಂಡ ಪಟ್ಟಿಯಲ್ಲಿ ನಾಲ್ಕನೆಯದಾಗಿತ್ತು. ಡೆಲಾನಿಯ ಗೋಲು ಎಂಟು, ಬೇರಾಳದ್ದು ಒಂಬತ್ತು. ನಾರ್ವೆಯ ಮೊದಲ ದರ್ಜೆಯ ಕ್ಲಬ್ಬೊಂದರಿಂದ ಟೂರಿಡ್ ಎಂಬ ಹೆಂಗಸು ಪಂದ್ಯ ನೋಡಲು ಬರುತ್ತಾಳೆ ಎಂಬ ಸುದ್ದಿ ಕಾರ್ಖಾನೆಯಿಂದ ಈಜುಕೊಳಕ್ಕೆ ಅರ್ಧ ಗಂಟೆಯಲ್ಲಿ ತಲುಪಿತು. ಯಾರನ್ನು ನೋಡಲು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕ್ಲಬ್ಬಿಗೆ ಫೋನ್ ಮಾಡಿದಾಗ ಟೂರಿಡ್ "ನಿಮ್ಮ ಅಮೆರಿಕದವಳು" ಎಂದೇ ಕೇಳಿದ್ದಳು. ಡೆಲಾನಿ ಅಂದು ಮೈಯೆಲ್ಲ ಕಾಲಾಗಿ ಆಡಿದಳು. ಒಂದು ಗೋಲು ಹೊಡೆದಳು, ಒಂದನ್ನು ಬೇರಾಳಿಗೆ ಕೊಟ್ಟಳು.

ಪಂದ್ಯ ಮುಗಿದ ಮೇಲೆ ಟೂರಿಡ್ ಹತ್ತು ನಿಮಿಷ ಮಾತಾಡಿದ್ದು ಬೇರಾಳ ಜೊತೆ.

ಮುಂದಿನ ಶನಿವಾರ ಹೊರಗಿನ ಪಂದ್ಯಕ್ಕೆ ಹೊರಟಾಗ ಸ್ಟೇನುನ್ ವ್ಯಾನು ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಇಬ್ಬರೂ ಅಕ್ಕಪಕ್ಕ. ಬೆಟ್ಟ ಹತ್ತಿ ಇಳಿದ ಮೇಲೆ ಬೇರಾ ಒಣಮೀನಿನ ಚೂರಿಗೆ ಬೆಣ್ಣೆ ಸವರಿ ಅವಳತ್ತ ಚಾಚಿದಳು.

"ಅವರು ನನ್ನನ್ನ ಕೇಳಿದ್ರು."

"ಗೊತ್ತು."

"ಕೋಪಾನಾ?"

"ಹೂಂ."

"ನನ್ನ ಮೇಲಾ?"

"ಇವತ್ತು ಎಲ್ಲರ ಮೇಲೂ. ನಾಳೆ ನಿನ್ನನ್ನ ಬಿಟ್ಟು ಉಳಿದೋರ ಮೇಲೆ." ಡೆಲಾನಿ ಮೀನು ತೆಗೆದುಕೊಂಡಳು. ಅಗಿಯುವಾಗ ಕಣ್ಣು ತುಂಬಿತು. ಕಿಟಕಿಯ ಕಡೆ ತಿರುಗಿದಳು. ಬೇರಾ ಅವಳ ಭುಜಕ್ಕೆ ಭುಜ ಒತ್ತಿ ಕೂತಳು.

ಮರುದಿನ ಡೆಲಾನಿ ಔದುರ್‌ಳಿಂದ ನಂಬರು ಇಸಿದುಕೊಂಡು ನಾರ್ವೆಗೆ ಫೋನ್ ಮಾಡಿದಳು. "ನಾನು ಡೆಲಾನಿ ಪ್ರುಯಿಟ್. ನನ್ನನ್ನ ಯಾಕೆ ತಗೊಳ್ಲಿಲ್ಲ ಅಂತ ವಾದ ಮಾಡೋಕಲ್ಲ. ಏನು ಕಮ್ಮಿ ಇದೆ ಅಂತ ತಿಳ್ಕೊಳ್ಳೋಕೆ."

"ಹೀಗೆ ಕೇಳೋರು ಕಮ್ಮಿ" ಎಂದಳು ಟೂರಿಡ್. "ಸರಿ, ಬೇಜಾರು ಮಾಡ್ಕೋಬೇಡ. ನಿನಗೆ ಎಡಗಾಲೇ ಇಲ್ಲ. ಇದೆ, ನಿಂತ್ಕೊಳ್ಳೋಕೆ ಮಾತ್ರ ಇದೆ. ಎಡಕ್ಕೆ ಬಂದ ಚೆಂಡನ್ನ ಬಲಕ್ಕೆ ತರೋ ಹೊತ್ತಿಗೆ ನಮ್ಮ ಲೀಗಲ್ಲಿ ಮೂರು ಜನ ನಿನ್ನ ಮೇಲೆ ಬಿದ್ದಿರ್ತಾರೆ. ನಿನ್ನ ಓಟ, ನಿನ್ನ ಹಟ, ಅದು ಯಾರಿಗೂ ಹೇಳಿಕೊಡೋಕಾಗಲ್ಲ. ಎಡಗಾಲು ಹೇಳಿಕೊಡಬಹುದು. ಆದ್ರೆ ನಾನು ಕಾಯೋಕಾಗಲ್ಲ, ನಿನಗಿಂತ ನಾಲ್ಕು ವರ್ಷ ಚಿಕ್ಕವಳು ಸಿಕ್ಕಿದ್ಲು."

ಫೋನ್ ಇಟ್ಟ ಮೇಲೆ ಅವಳು ಹಾಸಿಗೆಯ ಮೇಲೆ ಬೋರಲು ಬಿದ್ದು ಚೆನ್ನಾಗಿ ಅತ್ತಳು. ಆಮೇಲೆ ಎದ್ದು ಮುಖ ತೊಳೆದು ಔದುರ್‌ಳ ಮನೆಗೆ ಹೋಗಿ ಇನ್ನೊಂದು ವರ್ಷಕ್ಕೆ ಇರುತ್ತೇನೆ ಎಂದಳು. ವಿದೇಶಿ ಆಟಗಾರ್ತಿಯರು ಸೆಪ್ಟೆಂಬರ್ ಮುಗಿದೊಡನೆ ಊರಿಗೆ ಹೋಗಿ ವಸಂತಕ್ಕೆ ಬರುವುದು ರೂಢಿ. ತಾನು ಚಳಿಗಾಲಕ್ಕೂ ಇಲ್ಲೇ ಇರುತ್ತೇನೆ, ಕಾರ್ಖಾನೆಯಲ್ಲಿ ಪೂರ್ತಿ ಪಾಳಿ ಕೊಡಿಸು ಎಂದೂ ಕೇಳಿದಳು. ಔದುರ್ ಅವಳನ್ನು ದಿಟ್ಟಿಸಿ, "ಇಲ್ಲಿಯ ಜನವರಿ ನೋಡಿಲ್ಲ ನೀನು" ಎಂದಷ್ಟೇ ಹೇಳಿದಳು.

ಅಪ್ಪ ಫೋನಿನಲ್ಲಿ ಈ ಸಲ ತಮಾಷೆ ಮಾಡಲಿಲ್ಲ. "ಮನೆಗೆ ಬಂದುಬಿಡಮ್ಮ. ನಿನ್ನಮ್ಮ ಕಾಯ್ತಿದ್ದಾಳೆ. ಆಡಿದ್ದು ಸಾಕಲ್ವಾ?"

"ಅಪ್ಪಾ, ನೀನು ಅರ್ಧ ಹೊದಿಸಿದ ಮಾಡಿನಿಂದ ಯಾವತ್ತಾದ್ರೂ ಇಳಿದು ಬಂದಿದ್ದೀಯಾ?"

ಅಪ್ಪ, "ಮಳೆ ಬಂದ್ರೆ ಇಳೀತೀನಿ" ಎಂದ. ಆಮೇಲೆ, "ಆದ್ರೆ ನಿಂತ ಮೇಲೆ ಮತ್ತೆ ಹತ್ತೀನಿ. ಸರಿ ಬಿಡು, ಬೆಚ್ಚಗಿರು" ಎಂದ.

ಬೆಟ್ಟದಾಚೆಯ ಊರಿನಲ್ಲಿ ಒಂದು ಒಳಾಂಗಣ ಮೈದಾನವಿತ್ತು. ವಾರಕ್ಕೆ ಮೂರು ದಿನ ಹಲ್ಲಾ ತನ್ನ ಹಳೆಯ ಜೀಪಿನಲ್ಲಿ ಅವಳನ್ನು ಕರೆದೊಯ್ಯುತ್ತಿದ್ದಳು. ಹಿಮ ಬಿದ್ದು ರಸ್ತೆ ಮುಚ್ಚಿದ ದಿನ ಕಾರ್ಖಾನೆಯ ಗೋದಾಮಿನ ಗೋಡೆಗೆ ಚೆಂಡು ಒದೆಯುವುದು. ಬರೀ ಎಡಗಾಲು. ಮೊದಲ ತಿಂಗಳು ಚೆಂಡು ಕುಡಿದವನಂತೆ ಎಲ್ಲೆಲ್ಲೋ ಹೋಯಿತು. ಹಲ್ಲಾ ಗೋಲಿನ ಮುಂದೆ ಕೈಕಟ್ಟಿ ನಿಂತು, "ನಾನು ಬೇಕಾದ್ರೆ ಸ್ವೆಟರ್ ಹೆಣಿಗೆ ತರ್ಲಾ? ಇಲ್ಲಿ ನನಗೇನೂ ಕೆಲಸ ಕಾಣ್ತಿಲ್ಲ" ಎನ್ನುತ್ತಿದ್ದಳು. ಟೂರಿಡ್‌ಳ ಕ್ಲಬ್ಬು ಸೇರಿದ್ದ ಬೇರಾ ಕ್ರಿಸ್‌ಮಸ್‌ಗೆ ನಾರ್ವೆಯಿಂದ ಬಂದವಳು ಹಬ್ಬದ ಮರುದಿನವೇ ಗೋದಾಮಿಗೆ ಬಂದು ಎಡಬದಿಯಿಂದ ಚೆಂಡು ಹಾಕಿಕೊಡಲು ನಿಂತಳು. ತಾನು ಅಲ್ಲಿ ಇನ್ನೂ ಬೆಂಚಿನಲ್ಲೇ ಕೂರುತ್ತಿದ್ದೇನೆ ಎಂದು ಮೂರನೇ ದಿನ ಒಪ್ಪಿಕೊಂಡಳು. "ಹಾಗಿದ್ರೆ ನೀನೂ ಒದಿ" ಎಂದಳು ಡೆಲಾನಿ. ಇಬ್ಬರೂ ಒದ್ದರು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಚೆಂಡು ಹಲ್ಲಾಳ ಬೆರಳ ತುದಿ ಸವರಿ ಮೇಲಿನ ಮೂಲೆಗೆ ಹೋಯಿತು. ಹಲ್ಲಾ ಬೆರಳನ್ನು ಬಾಯಲ್ಲಿಟ್ಟುಕೊಂಡು ಬೈದಳು. ಅದು ಆ ಚಳಿಗಾಲದಲ್ಲಿ ಡೆಲಾನಿ ಕೇಳಿದ ಅತ್ಯಂತ ಒಳ್ಳೆಯ ಮಾತಾಗಿತ್ತು.

ಎರಡನೇ ವರ್ಷ ಅವಳು ಹದಿನೇಳು ಗೋಲು ಹೊಡೆದಳು. ಆರು ಎಡಗಾಲಿನವು. ಮೇಲಿನ ದರ್ಜೆಗೆ ಏರುವ ಅವಕಾಶ ಕೊನೆಯ ಪಂದ್ಯದಲ್ಲಿ ಒಂದು ಪಾಯಿಂಟಿಗೆ ತಪ್ಪಿತು. ಆ ಪಂದ್ಯದಲ್ಲಿ ಅವಳೇ ಒಂದು ಪೆನಾಲ್ಟಿ ಕಳೆದುಕೊಂಡಿದ್ದಳು, ಅದಕ್ಕಾಗಿ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೇ ದಿನ ಸ್ವೀಡನ್ನಿನ ಮೊದಲ ದರ್ಜೆಯ ಕ್ಲಬ್ಬೊಂದರಿಂದ ಎರಡು ವರ್ಷದ ಕರಾರುಪತ್ರ ಬಂತು.

ಈ ಸಲ ಅವಳು ಪೂರ್ತಿ ಓದಿದಳು. ಅರ್ಥವಾಗದ ಕಡೆ ಔದುರ್‌ಳನ್ನು ಕೇಳಿದಳು. ಒಂದು ಕಡೆ, ಗಾಯವಾದರೆ ಕರಾರು ರದ್ದು ಎಂದಿತ್ತು. ಅದನ್ನು ತೆಗೆಸಿ ಎಂದು ಬರೆದಳು. ಅವರು ನಾಲ್ಕು ದಿನ ತಡಮಾಡಿ ತೆಗೆದರು. ಬೆಳಗಿನ ಚಹಾದ ಬಿಡುವಿನಲ್ಲಿ, ಕಾರ್ಖಾನೆಯ ಊಟದ ಮೇಜಿನ ಮೇಲೆ, ಅದೇ ಪಾಳಿಯಲ್ಲಿದ್ದ ಹಲ್ಲಾಳ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.

"ಆಯ್ತಾ?" ಎಂದಳು ಹಲ್ಲಾ.

"ಆಯ್ತು."

"ಹಾಗಿದ್ರೆ ಏಳು. ದೋಣಿ ಬಂದಿದೆ, ಕಾಡ್ ಮೀನು ರಾಶಿ ಬಿದ್ದಿದೆ."

ಡೆಲಾನಿ ಕಾಗದವನ್ನು ಮಡಚಿ ಒಳಜೇಬಿಗಿಟ್ಟು, ರಬ್ಬರಿನ ಏಪ್ರನ್ ಕಟ್ಟಿಕೊಂಡು, ತನ್ನ ಸಾಲಿಗೆ ಹೋಗಿ ನಿಂತಳು.